ಮಿಡತೆ ಡಬ್ಬಿಯೊಳಗಿನ ಅಣಬೆ

ಊರ ಗಾಜಿನ ಮನೆಯಲ್ಲಿ ಈ ವರ್ಷ ಇನ್ನೊಂದೇ ಜೀವಕ್ಕೆ ಜಾಗವಿತ್ತು. ಕಾಡು ಹೋದ ಮೇಲೆ ವರ್ಷವರ್ಷವೂ ಹೀಗೇ: ಎರಡು ಜೀವಗಳನ್ನು ಹೋಲಿಸಿ ನೋಡಿ, ಪಂಚರು ಒಂದನ್ನು ಅದರೊಳಗಿಟ್ಟು ಉಳಿಸುತ್ತಿದ್ದರು. ಈ ಸಲ ಜಲಜಮ್ಮ ಉಳಿದಿದ್ದ ಕೊನೆಯ ಒಂದು ಬುಟ್ಟಿ ಕಾಡಣಬೆ ತಂದಿದ್ದಳು. ಪಕ್ಕದ ಮನೆಯ ರುಕಿಯಾಳ ಡಬ್ಬಿಯಲ್ಲಿ ಉಗುರಿನಷ್ಟು ಪುಟ್ಟ ಮಿಡತೆಗಳಿದ್ದವು.

"ಅವಕ್ಕೆ ಚಿರ್ ಅನ್ನೋಕೂ ಬರಲ್ಲ. ನನ್ನದರ ರುಚಿ ನೋಡಿ!" ಎಂದು ಜಲಜಮ್ಮ ಅಲ್ಲೇ ಒಲೆ ಹೂಡಿ ಸಾರು ಮಾಡಿದಳು. ಅಣಬೆ ಹೆಚ್ಚಿಕೊಟ್ಟವಳು ರುಕಿಯಾಳೇ.

ಪಂಚರು ಬಟ್ಟಲು ನೆಕ್ಕಿ ಮತ್ತೆ ಕೇಳಿದರು. ಉಣ್ಣುವವರಿಗೆ ಇಲ್ಲ ಅನ್ನುವುದುಂಟೆ? ಜಲಜಮ್ಮ ಇನ್ನಷ್ಟು ಬೇಯಿಸಿ ಬಡಿಸಿದಳು. ಎಲ್ಲರ ಕೈಯೂ ಅಣಬೆಗೇ ಎದ್ದಿತು.

"ಸರಿ ತಾಯಿ, ಒಳಗೆ ನೆಡು," ಎಂದರು ಹಿರಿಯರು.

ಜಲಜಮ್ಮ ಬುಟ್ಟಿಗೆ ಕೈ ಹಾಕಿದಳು. ಅಡಿಯಲ್ಲಿ ಹಾಸಿದ್ದ ಎಲೆಗಳಷ್ಟೇ ಸಿಕ್ಕವು. ತಲೆ ಎತ್ತಲಾಗಲಿಲ್ಲ.

"ಹೆಚ್ಚುವಾಗ ಒಂದನ್ನ ಮಣ್ಣಿನ ಸಮೇತ ಎತ್ತಿಟ್ಟಿದ್ದೆ, ಅಕ್ಕ," ಎಂದಳು ರುಕಿಯಾ.

ಅವಳು ತನ್ನ ಡಬ್ಬಿ ತೆರೆದು, ಅಣಬೆಯ ಮೇಲೆ ಕೂತಿದ್ದ ಮಿಡತೆಗಳನ್ನು ಮೆಲ್ಲಗೆ ಊದಿದಳು. ಅವು ಹಾರಿ ಜಲಜಮ್ಮನ ಸೆರಗಿನ ಮೇಲೆ ಕೂತವು. ಒಂದೂ ಚಿರ್ ಅನ್ನಲಿಲ್ಲ.