ಜಗಲಿ ಮೇಲಿನ ಕನಕಾಂಬರ

"ಹೂ ಯಾವಾಗ ಬಿಡ್ತದೆ, ನಿಂಗಮ್ಮ?" ಎಂದು ಶಿವರತ್ನಮ್ಮ ಕೇಳಿದಾಗ, ಹುಲ್ಲಿನ ಹೊರೆ ಇಳಿಸಿದ ಕೂಲಿಯಾಳು ಚಿಕ್ಕನಿಂಗಮ್ಮ ಜಗಲಿಯ ಮೇಲಿನ ಸೀಮೆಎಣ್ಣೆ ಡಬ್ಬದಲ್ಲಿದ್ದ ಗಿಡದತ್ತ ಬಗ್ಗಿ ನೋಡಿದಳು. ಕೊಳ್ಳೇಗಾಲದ ಪೇಟೆಯಿಂದ ಅಗರದ ಹಳ್ಳಿಮನೆಗೆ ಸೊಸೆಯಾಗಿ ಬಂದ ಶಿವರತ್ನಮ್ಮ ಮೊದಲ ಸಲ ಬೀಜ ಹಾಕಿ, ದಿನಾ ನೀರೆರೆದು ಬೆಳೆಸಿದ ಗಿಡ ಅದು.

"ಇದೇನ್ ಗಿಡ ಅಂದ್ರು ಅವ್ವಾರೇ?"

"ಕನಕಾಂಬರ. ಅತ್ತೆನೇ ಬೀಜ ಕೊಟ್ರು. ಸಂಜೆ ಎಲ್ರೂ ಬಂದು, ಮೊಗ್ಗು ಬಂತಾ ಅಂತ ಕೇಳ್ತಾರೆ. ಈ ಮನೇಲಿ ನನ್ನ ಮಾತಾಡ್ಸೋದು ಆಗ ಮಾತ್ರ."

ಚಿಕ್ಕನಿಂಗಮ್ಮ ತಲೆ ತಗ್ಗಿಸಿದಳು. "ಇದು ಉತ್ರಾಣಿ ಕಣ್ರವ್ವಾ. ಬೇಲಿ ಸಾಲಲ್ಲಿ ಬೆಳೆಯೋ ಕಳೆ."

ಮನೆಯೊಳಗೆ ಇಷ್ಟು ಹೊತ್ತು ತಡೆದಿಟ್ಟಿದ್ದ ನಗು ಒಮ್ಮೆಗೇ ಸಿಡಿಯಿತು. ಮೊದಲು ಅತ್ತೆಯದು, ಆಮೇಲೆ ನಾದಿನಿಯರದು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವಳ ಗಂಡ.