ಕುಡಿಕೆಯ ಸಿಂದಿ

ದೋಸೆಹಿಟ್ಟು ಉಕ್ಕಿ ಹುಳಿ ವಾಸನೆ ಬಂದಾಗಲೆಲ್ಲ ನನಗೆ ಹಾನಗಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಹುಳಿ ನಾರುತ್ತ ನೊರೆಯಾಡುವ ಈಚಲ ಸಿಂದಿಯ ಕುಡಿಕೆಯನ್ನು ದೊಡ್ಡಪ್ಪ ನನ್ನ ತುಟಿಗೆ ಹಿಡಿದರು.

"ಒಂದ ಗುಟಕ ಕುಡೀಲಿ ಬಿಡೋ. ಮನ್ಯಾಗ ರುಚಿ ನೋಡಿದ ಕೂಸು ಹೊರಗ ಹುಡುಕಂಗಿಲ್ಲ."

ಅಪ್ಪ ಅಣ್ಣನಿಗೆ ಎದುರಾಡಲಾರದೆ ನೆಲ ನೋಡುತ್ತ ಕುಳಿತರು. ಹಿರಿಯರ ಮುಂದೆ ಎಂದೂ ದನಿಯೆತ್ತದ ಅವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು.

"ಕುಡಸ್ರಿ ಬಾವಾರ. ಆದರ ನಮ್ಮ ಮನ್ಯಾಗ ಲಿಂಗಕ್ಕ ಅರ್ಪಿಸದ ಏನೂ ಬಾಯಿಗೆ ಹಾಕಂಗಿಲ್ಲಲ್ರಿ? ಮದಲ ನಿಮ್ಮ ಲಿಂಗಕ್ಕ ಅರ್ಪಿಸಿ ಕೊಡ್ರಿ."

ದೊಡ್ಡಪ್ಪನ ಕೈ ಎದೆಯ ಮೇಲೆ ಲಿಂಗವಿದ್ದ ಬೆಳ್ಳಿ ಕರಡಿಗೆಯವರೆಗೆ ಹೋಗಿ ಅಲ್ಲೇ ನಿಂತಿತು. ಸಿಂದಿ ಹಿತ್ತಲಿನ ನುಗ್ಗೆಗಿಡದ ಬುಡ ಸೇರಿತು.

ಅವತ್ತು ಅವ್ವ ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿತು.