ಬಸ್ಸಿಗೆ ಬೇಕಾದ ನಾಲಿಗೆ

"ಅಳೇ ಹಂಚೆ ಕಚೇರಿ," ಎಂದಳು ಗಾಜಿನಾಚೆ ಕೂತ ಹುಡುಗಿ.

ಮಾವ ಹಣೆ ಚಚ್ಚಿಕೊಂಡರು. "ಹಂಚೆಯಂತೆ, ಹಂಚೆ! ಎಲ್ಲಿಂದ ಹಿಡ್ಕೊಂಡು ಬಂದ್ಯಪ್ಪಾ ಇವಳನ್ನ?"

"ಸರಿಯಾಗಿ ಹೇಗೆ ಅಂತ ನೀವೇ ಒಂದ್ಸಲ ಹೇಳ್ಬಿಡಿ ಮಾವ," ಎಂದ ಅಳಿಯ. "ಮೈಕಲ್ಲೇ ಹೇಳಿ, ಇಲ್ದಿದ್ರೆ ಆ ಕಡೆ ಕೇಳ್ಸಲ್ಲ." ಎದ್ದು ಫ್ಯಾನು ನಿಲ್ಲಿಸಿದ.

"ಮುಂದಿನ ನಿಲ್ದಾಣ, ಹಳೇ ಅಂಚೆ ಕಚೇರಿ." ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು ಮಾತು. ಅದನ್ನು ಒಪ್ಪಲೇಬೇಕು. ಅಳಿಯ ಮತ್ತೆ ಫ್ಯಾನು ಹಾಕಿದ.

ಮಾವ ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತರಾದವರು. ಕೆಲಸ ಬಿಟ್ಟರೂ ಕೊಬ್ಬು ಬಿಟ್ಟಿರಲಿಲ್ಲ. ಊರಿನ ಅರ್ಧ ಜನಕ್ಕೆ ನಾಲಿಗೆಯಿಲ್ಲ, ಉಳಿದರ್ಧಕ್ಕೆ ಕಿವಿಯಿಲ್ಲ ಎಂದು ಅವರ ತೀರ್ಮಾನ. ಅಂಗಡಿಯವನು "ಬಾಳೇಅಣ್ಣು" ಎಂದನೆಂದು ಹಣ್ಣು ಕೊಳ್ಳದೆ ಬರಿಗೈಯಲ್ಲಿ ಮನೆಗೆ ಬಂದ ಮಹಾನುಭಾವರು.

ಅಳಿಯ ನಗರದ ಬಸ್ ಕಂಪನಿಯಲ್ಲಿ ಧ್ವನಿಮುದ್ರಣದವನು. ನಿಲ್ದಾಣಗಳ ಹೆಸರು ಹೇಳುವ ಧ್ವನಿ ಸೋಮವಾರದೊಳಗೆ ಸಿದ್ಧವಾಗದಿದ್ದರೆ ಮನೆಗೆ ಹೋಗು ಎಂದು ಮೇಲಿನವರು ಹೇಳಿಯಾಗಿತ್ತು. ಮಗಳು ಅಪ್ಪನೆದುರು ಅತ್ತಳು. ನೀನೇ ಓದಿಕೊಡು ಎಂದು ಬೇಡಿದಳು.

"ದೇಶದ ಸುದ್ದಿ ಓದಿದ ಬಾಯಿ ಕಣೇ ಇದು! ಬಸ್ಸಲ್ಲಿ ಜೋತಾಡೋ ಮಂದಿಗೆ ಇಳೀರಪ್ಪಾ ಅಂತ ಕೂಗ್ಲಾ? ನಿನ್ನ ಗಂಡನ ಕೆಲಸ ಹೋದ್ರೆ ಹೋಗ್ಲಿ."

ಕೊನೆಗೆ ಅಳಿಯನೇ ಬಂದು ಕೇಳಿದ: ಓದುವುದು ಬೇಡ, ಓದುವವರನ್ನು ಆರಿಸಿಕೊಡಿ ಸಾಕು. ಮಾವ ತಕ್ಷಣ ಒಪ್ಪಿದರು. ಕೂತಲ್ಲೇ ಹತ್ತು ಜನರ ಮಾನ ಹರಾಜು ಹಾಕುವ ಅವಕಾಶ ಬಿಡುತ್ತಾರೆಯೇ?

ಹುಡುಗಿಯ ನಂತರ ಮೀಸೆಯ ಡ್ರೈವರೊಬ್ಬ ಬಂದ. "ಸಿಕ್ಸಕರ ಬವನ."

"ನಿನಗೆ ಪಾಠ ಹೇಳಿದ ಶಿಕ್ಷಕರನ್ನ ಒಳಗೆ ಹಾಕ್ಬೇಕು," ಎಂದು ಗುಡುಗಿ, ಮಾವ ಶಿಕ್ಷಕರ ಭವನವನ್ನು ಸರಿಯಾಗಿ ಹೇಳಿದರು. ಅದಕ್ಕೆ ಮೊದಲು ಅಳಿಯ ಫ್ಯಾನು ನಿಲ್ಲಿಸಿದ್ದ.

ದಪ್ಪ ಕನ್ನಡಕದ ಹೆಂಗಸು ಬಂದಳು. "ಕನ್ನಾಸ್ಪತ್ರೆ. ಮೂಲೆ ಆಸ್ಪತ್ರೆ."

"ಮೂಳೆ ಮುರಿದ್ರೆ ಮೂಲೇಲಿ ಕೂತ್ಕೋತೀಯೇನಮ್ಮಾ?"

ಹೀಗೇ ನಡೆಯಿತು. ಒಬ್ಬೊಬ್ಬರೂ ಊರಿನ ಒಂದೊಂದು ದಿಕ್ಕನ್ನು ಹಾಳುಗೆಡವಿ ಎದ್ದುಹೋದರು. ಒಬ್ಬರು ಕೆಡಿಸಿದ್ದನ್ನು ಇನ್ನೊಬ್ಬರು ಮುಟ್ಟಲಿಲ್ಲ. ಮಾವನ ಗಂಟಲೊಣಗಿದಾಗ ಅಳಿಯ ಬಿಸಿನೀರು ತಂದುಕೊಟ್ಟ. ಇಷ್ಟೊಂದು ಕಾಳಜಿಯನ್ನು ಅವನು ಹಿಂದೆಂದೂ ತೋರಿಸಿರಲಿಲ್ಲ.

"ಕೊನೇದು, ಆ ಇಳಿಯುವವರಿಗೆ ಹೇಳೋ ಮಾತು, ಇನ್ನೊಂದ್ಸಲ ಮಾವ, ಸ್ವಲ್ಪ ಸಮಾಧಾನವಾಗಿ. ಸಿಟ್ಟಲ್ಲಿ ಹೇಳಿದ್ರೆ ಜನಕ್ಕೆ ತಿಳಿಯಲ್ಲ."

"ಈ ದಡ್ಡರಿಗೆ ಹೇಗೆ ಹೇಳಿದ್ರೂ ಅಷ್ಟೇ," ಎಂದರೂ ಹೇಳಿದರು. ತಮ್ಮ ದನಿ ತಮಗೇ ಬಲು ಇಷ್ಟ.

ಸಂಜೆ ಎದ್ದು ಶಾಲು ಕೊಡವಿದರು. "ಒಬ್ಬರೂ ಲಾಯಕ್ಕಿಲ್ಲ. ಬೇರೆ ಕೆಲಸ ಹುಡುಕ್ಕೋ ಹೋಗು."

ಅಳಿಯನ ಮುಖದಲ್ಲಿ ಬೇಸರವೇ ಕಾಣಲಿಲ್ಲ. ನಾಚಿಕೆಗೆಟ್ಟವನು ಎಂದುಕೊಂಡರು ಮಾವ. "ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರ್ಸೋಕಾಗಲ್ಲ ಮಾವ," ಎಂದು ಅವನು ಕೈಮುಗಿದ.

ಹೊರಗಿನ ಬೆಂಚಿನಲ್ಲಿ ಬೆಳಗಿನ ಹುಡುಗಿ ಇನ್ನೂ ಕೂತಿದ್ದಳು. ಅಳಿಯನನ್ನು ಕಂಡು, "ಹಾಗಾದ್ರೆ ನಾವಿನ್ನು ಹೊರಡಬಹುದಾ?" ಎಂದಳು.

"ನೋಡಿದ್ಯಾ, ಈಗ ಬಂತು ಹಕಾರ!" ಎಂದರು ಮಾವ. "ಅರ್ಧ ದಿನ ನನ್ನ ಗಾಳಿ ಸೋಕಿದ್ದಕ್ಕೆ ಇಷ್ಟು."

ಸೋಮವಾರ ಬೆಳಿಗ್ಗೆ ಮಾವ ಗೇಟಿನ ಬಳಿ ನಿಂತು, ಅಳಿಯನಿಗೆ ಇವತ್ತು ಕೆಲಸ ಹೋಗುತ್ತದೆಂದು ಪಕ್ಕದ ಮನೆಯವರಿಗೆ ಸಾವಕಾಶವಾಗಿ ವಿವರಿಸುತ್ತಿದ್ದರು. ಎದುರಿನ ನಿಲ್ದಾಣಕ್ಕೆ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು.

ಒಳಗಿನಿಂದ ಮಾವನದೇ ದನಿ, ಒಂದಕ್ಷರವೂ ತಪ್ಪದೆ, ಬೀದಿಗೆಲ್ಲ ಕೇಳುವಂತೆ ಹೇಳಿತು: "ಸುಣ್ಣದ ಗೂಡು. ಇಳಿಯುವವರು ದಯವಿಟ್ಟು ಹಿಂದಿನ ಬಾಗಿಲಿಗೆ ಬನ್ನಿ."